ತಾತನ ಪಾಸ್‌ಬುಕ್: ನಮ್ಮ ನೀರು ನಮ್ಮ ಖಾತೆಗೆ

ಮಕ್ಕಳೇ, ಈ ವಾರ ಒಂದು ಗುಂಡಿಯ ಕಥೆ. ಗುಂಡಿಯಲ್ಲಿ ಎಂಥ ಕಥೆ ತಾತ ಅನ್ನಬೇಡಿ. ಆ ಗುಂಡಿ ತೋಡುವ ಮೊದಲು ನಾನು ಒಬ್ಬ ಹಳೇ ಸ್ನೇಹಿತರನ್ನು ಕಳೆದುಕೊಂಡಿದ್ದೆ. ತಪ್ಪು ನನ್ನದೇ. ನನ್ನ ವಯಸ್ಸಿನ ಅಜ್ಜ ಅಜ್ಜಿಯರೂ ದಯವಿಟ್ಟು ಓದಿ. ಮನೆ ಮುಂದೆ ಸಿಮೆಂಟು ಹಾಕಿಸಿದವರೆಲ್ಲ ಈ ತಪ್ಪನ್ನು ಸ್ವಲ್ಪವಾದರೂ ಮಾಡಿರುತ್ತೀರಿ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದವನು. ನಿವೃತ್ತಿಯವರೆಗೂ ಗುಮಾಸ್ತನಾಗಿಯೇ ಇದ್ದೆ. ಆಗ ಕಂಪ್ಯೂಟರ್ ಇರಲಿಲ್ಲ. ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಯಲ್ಲೇ ಬರೆಯಬೇಕು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ. ಎಷ್ಟೋ ಸಲ ರಾತ್ರಿ ಒಂಬತ್ತರ ತನಕ ಹುಡುಕಿದ ಮೇಲೆ ತಪ್ಪು ಸಿಗುತ್ತಿತ್ತು: ಒಬ್ಬರ ಖಾತೆಯಿಂದ ತೆಗೆಯಬೇಕಾದ ಹಣವನ್ನು ಪಕ್ಕದ ಪುಟದವರ ಖಾತೆಯಿಂದ ತೆಗೆದಿರುತ್ತಿದ್ದೆವು. ಪಕ್ಕದ ಪುಟದವರಿಗೆ ಏನೂ ಗೊತ್ತಿರುವುದಿಲ್ಲ, ನಷ್ಟ ಮಾತ್ರ ಅವರದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೈಸೂರಿನಲ್ಲಿ ನಮ್ಮ ಮನೆ ಕಟ್ಟಿದ್ದು 1988ರಲ್ಲಿ. ನಲವತ್ತು–ಅರವತ್ತರ ಸೈಟು. ಆಗ ಹಿತ್ತಲೆಲ್ಲ ಕೆಂಪು ಮಣ್ಣು. ಎರಡು ತೆಂಗು, ಒಂದು ಕರಿಬೇವು, ಒಂದು ಬಾಳೆಯ ಗುಂಪು. ಭರಣಿ ಮಳೆ ಸುರಿದರೆ ಒಂದರ್ಧ ಗಂಟೆ ಕೆಸರಾಗುತ್ತಿತ್ತು, ಆಮೇಲೆ ನೆಲ ನೀರನ್ನು ಕುಡಿದುಬಿಡುತ್ತಿತ್ತು. ಹಿಂಬದಿಯ ಮನೆಯಲ್ಲಿ ಒಬ್ಬರು ಹೈಸ್ಕೂಲು ಮೇಷ್ಟ್ರು, ವಿಜ್ಞಾನ ಪಾಠ ಮಾಡುತ್ತಿದ್ದವರು. ಅವರ ಸೈಟು ನಮ್ಮದಕ್ಕಿಂತ ಒಂದೂವರೆ ಅಡಿ ತಗ್ಗಿನಲ್ಲಿದೆ. ಮೂವತ್ತು ವರ್ಷಗಳಲ್ಲಿ ಆ ತಗ್ಗಿನ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿದ್ದಿಲ್ಲ. ಮಾತಾಡುವ ಸಂದರ್ಭವೇ ಬಂದಿರಲಿಲ್ಲ. ಅವರ ಮನೆಯ ಚಟ್ನಿಪುಡಿ ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಮನೆಯ ತೆಂಗಿನಕಾಯಿ ಅಲ್ಲಿಗೆ ಹೋಗುತ್ತಿತ್ತು.

ವಯಸ್ಸಾದ ಮೇಲೆ ನಮ್ಮಾಕೆಗೆ ಮಂಡಿ ನೋವು ಶುರುವಾಯಿತು. ಕೆಸರಿನಲ್ಲಿ ಜಾರಿದರೆ ಗತಿಯೇನು ಎಂದು ಮುಂದಿನ ಅಂಗಳ, ಪಕ್ಕದ ಓಣಿ, ಹಿತ್ತಲಿನ ಅರ್ಧ ಭಾಗಕ್ಕೆ ಸಿಮೆಂಟು ಹಾಕಿಸಿದೆ. ಗುಡಿಸುವುದು ಸುಲಭವಾಯಿತು, ಬಟ್ಟೆ ಒಣಗಿಸುವುದೂ ಸುಲಭವಾಯಿತು. ಆದರೆ ನೆಲ ನೀರು ಕುಡಿಯುವುದನ್ನು ನಿಲ್ಲಿಸಿತು. ತಾರಸಿಯ ಪೈಪಿನಿಂದ ಬಿದ್ದ ನೀರು ಸಿಮೆಂಟಿನ ಮೇಲೆ ಓಡಿ ಹಿತ್ತಲ ಮೂಲೆ ಸೇರಿ, ಎರಡು ಮೂರು ದಿನ ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಕಾಂಪೌಂಡ್ ಗೋಡೆಯ ಬುಡದಿಂದ ಜಿನುಗಿ ಮೇಷ್ಟ್ರ ಮನೆ ಕಡೆ ಹೋಗುತ್ತಿತ್ತು. ಅಲ್ಲಿ ಅವರ ಬಟ್ಟೆ ಒಗೆಯುವ ಕಲ್ಲು.

ಮೇಷ್ಟ್ರು ಒಂದು ದಿನ ಗೋಡೆಯಾಚೆಯಿಂದ ಮೆಲ್ಲಗೆ ಹೇಳಿದರು: “ರಾಯರೇ, ನಿಮ್ಮ ಕಡೆಯಿಂದ ಸ್ವಲ್ಪ ನೀರು ಬರ್ತಾ ಇದೆ, ನೋಡ್ತೀರಾ?”

ನಾನು ನಕ್ಕುಬಿಟ್ಟೆ. “ಮಳೆ ನೀರು ಮೇಷ್ಟ್ರೇ! ಮೇಲಿಂದ ದೇವರು ಸುರಿಸ್ತಾನೆ, ಕೆಳಗಡೆಗೆ ಹರಿಯುತ್ತೆ. ಅದಕ್ಕೆ ನಾನೇನು ಮಾಡಲಿ?”

ಅವರು ಮತ್ತೆ ಹೇಳಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಒಗೆಯುವ ಕಲ್ಲಿನ ಹತ್ತಿರ ಕಟ್ಟಿದ್ದ ಪಾಚಿಯ ಮೇಲೆ ಮೇಷ್ಟ್ರ ಮನೆಯವರು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ನಮ್ಮಾಕೆ ನೋಡಿಕೊಂಡು ಬರಲು ಹೋದಳು. ನನಗೆ ಹೋಗಲು ಕಾಲು ಬರಲಿಲ್ಲ. ಆವತ್ತಿನಿಂದ ಮೇಷ್ಟ್ರು ಬೆಳಗಿನ ವಾಕಿಂಗಿಗೆ ಬೇರೆ ರಸ್ತೆ ಹಿಡಿದರು. ಚಟ್ನಿಪುಡಿ ಬಂದಿದ್ದ ಅವರ ಸ್ಟೀಲ್ ಡಬ್ಬಿ ನಮ್ಮ ಅಡಿಗೆಮನೆಯ ಅಟ್ಟದ ಮೇಲೇ ಉಳಿಯಿತು.

ದಸರೆ ರಜೆಗೆ ಬಂದಿದ್ದ ಮೊಮ್ಮಗಳು, ಆರನೇ ಕ್ಲಾಸು, ಗೋಡೆಯ ಹತ್ತಿರ ನಿಂತ ನೀರನ್ನು ಕಡ್ಡಿಯಲ್ಲಿ ಕಲಕುತ್ತಾ ಕೇಳಿದಳು: “ತಾತ, ಆ ಅಜ್ಜಿ ಜಾರಿದ್ದು ಈ ನೀರಲ್ಲೇನಾ? ಇದು ನಮ್ಮ ನೀರು ಅಲ್ವಾ?”

ಆಗ ನನಗೆ ಲೆಡ್ಜರಿನ ಪಕ್ಕದ ಪುಟ ನೆನಪಾಯಿತು. ನಮ್ಮ ಖಾತೆಯ ನೀರನ್ನು ನಾನು ಮೇಷ್ಟ್ರ ಖಾತೆಗೆ ಬರೆದಿದ್ದೆ. ಅವರ ಕಡೆ ನಷ್ಟ ಆಗಿತ್ತು.

ಮೊದಲ ಗುಂಡಿ, ಮೊದಲ ದಡ್ಡತನ

ಮಾರನೇ ದಿನವೇ ಒಬ್ಬ ಗಾರೆ ಕೆಲಸದವರನ್ನು ಕರೆಸಿದೆ. “ನೀರು ಎಲ್ಲಿ ನಿಲ್ಲುತ್ತೋ ಅಲ್ಲೇ ಒಂದು ಗುಂಡಿ ತೋಡಿ” ಎಂದೆ. ಎರಡಡಿ ಆಳ ತೋಡಿದರು. ಮನೆಯಲ್ಲಿ ಬಿದ್ದಿದ್ದ ಒಡೆದ ಇಟ್ಟಿಗೆ, ಹಳೇ ಗಾರೆಯ ಚೂರು ತುಂಬಿಸಿ ಮೇಲೆ ಮಣ್ಣು ಎಳೆಸಿದೆ. ಅರ್ಧ ದಿನದ ಕೆಲಸ. ನನಗೆ ಬಹಳ ಹೆಮ್ಮೆ.

ಮುಂದಿನ ಎರಡೇ ಮಳೆಗೆ ಮೇಲಿನ ಮಣ್ಣು ಕೆಳಗಿಳಿದು ಇಟ್ಟಿಗೆಯ ಸಂದುಗಳನ್ನೆಲ್ಲ ತುಂಬಿತು. ಗುಂಡಿ ಕೆಸರಿನ ಹೊಂಡವಾಯಿತು. ಅದಕ್ಕಿಂತ ಕೆಟ್ಟದ್ದು, ಗುಂಡಿ ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಷ್ಟೇ ಇತ್ತು. ಮೊದಲು ಗೋಡೆಯ ಬುಡದಲ್ಲಿ ಜಿನುಗುತ್ತಿದ್ದ ನೀರು ಈಗ ಪಾಯದ ಕೆಳಗಿನಿಂದಲೇ ಆಚೆ ಹೋಗತೊಡಗಿತು. ಲೆಕ್ಕದ ತಪ್ಪನ್ನು ಇನ್ನೊಂದು ತಪ್ಪಿನಿಂದ ತಿದ್ದಿದ ಹಾಗಾಯಿತು.

ಮೊಮ್ಮಗಳು ಕೇಳಿದಳು: “ತಾತ, ನೀರು ಎಷ್ಟಿದೆ ಅಂತ ಅಳತೆ ಮಾಡಿದ್ರಾ?”

ಇಲ್ಲ. ಇಡೀ ಜೀವನ ಲೆಕ್ಕ ಬರೆದವನು ಗುಂಡಿಗೆ ಲೆಕ್ಕ ಹಾಕಿರಲಿಲ್ಲ.

ನೀರಿನ ಲೆಕ್ಕ

ಇಬ್ಬರೂ ಟೇಪು, ನೋಟ್‌ಬುಕ್ಕು ಹಿಡಿದು ಕೂತೆವು. ಮಕ್ಕಳೇ, ಮಳೆಯ ಲೆಕ್ಕಕ್ಕೆ ಒಂದೇ ಸೂತ್ರ ಸಾಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಯಾಕೆ ಅಂದರೆ 100 ಸೆಂ.ಮೀ. ಗುಣಿಸು 100 ಸೆಂ.ಮೀ. ಗುಣಿಸು 0.1 ಸೆಂ.ಮೀ., ಒಟ್ಟು 1000 ಘನ ಸೆಂ.ಮೀ. ಅಷ್ಟೇ.

ನಮ್ಮ ತಾರಸಿ 30 ಅಡಿಗೆ 30 ಅಡಿ, ಅಂದರೆ 900 ಚದರಡಿ, ಸುಮಾರು 84 ಚದರ ಮೀಟರ್. ಮೈಸೂರಿಗೆ ವರ್ಷಕ್ಕೆ ಸರಾಸರಿ 800 ಮಿ.ಮೀ. ಆಸುಪಾಸು ಮಳೆ. ಗುಣಿಸಿದರೆ 67,200 ಲೀಟರ್! 6000 ಲೀಟರಿನ ಟ್ಯಾಂಕರ್ ಹನ್ನೊಂದು ಸಲ ಬಂದು ತಾರಸಿಯ ಮೇಲೆ ಸುರಿದ ಹಾಗೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನು ಮಾಡಿ ಕಾಯುವ ಮನೆಗಳವರು ಈ ಅಂಕಿಯನ್ನು ಇನ್ನೊಮ್ಮೆ ಓದಲಿ.

ತಾರಸಿಯ ಮುಂದಿನ ಅರ್ಧದ ನೀರು ಮೊದಲಿನಿಂದಲೂ ರಸ್ತೆ ಬದಿಯ ಮಳೆ ಚರಂಡಿಗೆ ಹೋಗುತ್ತದೆ. ಹಿಂದಿನ ಅರ್ಧ, ಅಂದರೆ 42 ಚದರ ಮೀಟರ್, ಹಿತ್ತಲಿಗೆ. ಹಿತ್ತಲಿನ ಸಿಮೆಂಟು ಇನ್ನೊಂದು 14. ಒಟ್ಟು 56. ಒಂದು ಜೋರು ಮಳೆಗೆ ಒಂದು ಗಂಟೆಯಲ್ಲಿ 25 ಮಿ.ಮೀ. ಬಿತ್ತು ಅನ್ನಿ. 56 ಗುಣಿಸು 25, ಅಂದರೆ 1400 ಲೀಟರ್. ನನ್ನ ಎರಡಡಿ ಗುಂಡಿಗೆ ಇದರಲ್ಲಿ ಹತ್ತನೇ ಒಂದು ಭಾಗವನ್ನೂ ಹಿಡಿಯುವ ಶಕ್ತಿ ಇರಲಿಲ್ಲ.

ಬ್ಯಾಂಕಿನಲ್ಲಿ ಸಾಲ ತುಂಬಾ ಇದ್ದವರಿಗೆ ನಾವು ಹೇಳುತ್ತಿದ್ದ ಮಾತು, ಮೊದಲು ಖರ್ಚು ಕಡಿಮೆ ಮಾಡಿ ಅಂತ. ಇಲ್ಲೂ ಹಾಗೇ ಮಾಡಿದೆವು. ಹಿತ್ತಲಿನ ಸಿಮೆಂಟು ಒಡೆಸಿ ತೆಗೆದೆ. ನಡೆಯಲು ಎರಡಡಿ ಅಗಲದ ಕಲ್ಲು ಚಪ್ಪಡಿಯ ದಾರಿ ಮಾತ್ರ ಬಿಟ್ಟೆ, ಚಪ್ಪಡಿಗಳ ನಡುವೆ ಹುಲ್ಲು ಬೆಳೆಯಲು ಸಂದಿದೆ. ನಮ್ಮಾಕೆ ಮಂಡಿಯ ನೆಪ ತೆಗೆದಳು. ದಾರಿಗೆ ಒಂದು ಹಿಡಿಕಂಬಿ ಹಾಕಿಸಿಕೊಟ್ಟೆ, ರಾಜಿಯಾಯಿತು. ಹೀಗೆ 14 ಚದರ ಮೀಟರಿನ ನೀರು ಲೆಕ್ಕದಿಂದ ಹೋಯಿತು.

ಉಳಿದದ್ದು 42 ಗುಣಿಸು 25, ಅಂದರೆ 1050 ಲೀಟರ್. ತಾರಸಿ ಪೈಪಿನ ಕೆಳಗೆ 200 ಲೀಟರಿನ ಎರಡು ಡ್ರಮ್ಮು ಇಟ್ಟೆ. ಅದು ಗಿಡಕ್ಕೆ. ಡ್ರಮ್ಮಿಗೆ ಬಿಗಿಯಾದ ಮುಚ್ಚಳ, ಬಾಯಿಗೆ ಸೊಳ್ಳೆ ಬಲೆ ಕಡ್ಡಾಯ. ಡೆಂಗ್ಯೂ ಹರಡುವ ಸೊಳ್ಳೆ ಇಂಥ ತಿಳಿ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ಡ್ರಮ್ಮು ತುಂಬಿದ ಮೇಲೆ ಹೆಚ್ಚಾದ ನೀರು ಗುಂಡಿಗೆ. ಹಾಗಾಗಿ ಗುಂಡಿ ಹಿಡಿಯಬೇಕಾದ್ದು 650 ಲೀಟರ್.

ಇಲ್ಲಿ ಒಂದು ತೊಡಕಿದೆ. ಗುಂಡಿಯ ತುಂಬ ಕಲ್ಲು ತುಂಬುತ್ತೇವೆ. ನೀರು ನಿಲ್ಲುವುದು ಕಲ್ಲುಗಳ ನಡುವಿನ ಸಂದಿನಲ್ಲಿ ಮಾತ್ರ. ಆ ಸಂದು ಒಟ್ಟು ಜಾಗದ ಮೂರನೇ ಒಂದು ಪಾಲು ಎಂದು ಹಿಡಿಯಿರಿ. ಇದನ್ನು ಮೊಮ್ಮಗಳು ಅಡಿಗೆಮನೆಯಲ್ಲೇ ಪರೀಕ್ಷೆ ಮಾಡಿದಳು. ಪಾತ್ರೆಯ ತುಂಬ ಜಲ್ಲಿ ಹಾಕಿ, ಲೋಟದಿಂದ ಅಳೆದು ಅಳೆದು ನೀರು ಹೊಯ್ದಳು. ಒಂಬತ್ತು ಲೋಟ ಹಿಡಿಯುವ ಪಾತ್ರೆಗೆ ಮೂರು ಲೋಟದ ಮೇಲೆ ಸ್ವಲ್ಪ ಹಿಡಿಸಿತು. ನೀವೂ ಮಾಡಿ ನೋಡಿ, ಅಜ್ಜಿಯನ್ನು ಕೇಳಿ ಪಾತ್ರೆ ತಗೊಳ್ಳಿ.

ಹಾಗಾದರೆ 650 ಲೀಟರಿಗೆ ಅದರ ಮೂರರಷ್ಟು, ಸುಮಾರು 1950 ಲೀಟರ್ ಕಲ್ಲಿನ ಜಾಗ ಬೇಕು. ಒಂದು ಘನ ಅಡಿ ಅಂದರೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರಕ್ಕೆ ಕಲ್ಲು ತುಂಬಿದರೆ 64 ಘನ ಅಡಿ, 1812 ಲೀಟರ್. ಸಂದಿನಲ್ಲಿ 604 ಲೀಟರ್ ಹಿಡಿಯುತ್ತದೆ. ಇನ್ನು 46 ಲೀಟರ್ ಕಡಿಮೆ ಬಿತ್ತಲ್ಲ ತಾತ, ಅಂದಳು. ಗುಂಡಿ ಬರೀ ಡಬ್ಬಿ ಅಲ್ಲ ಪುಟ್ಟಿ, ಮಳೆ ಬೀಳುತ್ತಿರುವಾಗಲೇ ತಳದಿಂದ ಇಂಗುತ್ತಲೂ ಇರುತ್ತದೆ, ಆ ಕೊರತೆ ಅಲ್ಲಿ ತುಂಬುತ್ತದೆ ಎಂದೆ. ಮೇಲೆ ಒಂದಡಿ ಮಣ್ಣು ಸೇರಿಸಿ ಐದಡಿ ಆಳ ಎಂದು ತೀರ್ಮಾನವಾಯಿತು.

ಮಣ್ಣನ್ನು ಕೇಳಿ ನೋಡುವುದು

ಎಷ್ಟು ಇಂಗುತ್ತದೆ ಎಂದು ತಿಳಿಯಲು ಮಣ್ಣನ್ನೇ ಕೇಳಬೇಕು. ಮನೆಯ ಪಾಯದಿಂದ ಹತ್ತಡಿಗೂ ಹೆಚ್ಚು, ಮೇಷ್ಟ್ರ ಗೋಡೆಯಿಂದ ಎಂಟಡಿ, ತೆಂಗಿನ ಬುಡದಿಂದಲೂ ದೂರ, ಇಂಥ ಒಂದು ಜಾಗ ಆರಿಸಿದೆವು. ಅಲ್ಲಿ ಒಂದಡಿ ಅಗಲ, ಒಂದಡಿ ಆಳದ ಪುಟ್ಟ ಗುಣಿ. ಸಂಜೆ ಅದರ ತುಂಬ ನೀರು ಹೊಯ್ದು ಬಿಟ್ಟೆವು. ಒಣ ಮಣ್ಣು ಮೊದಲ ಸಲ ಆಸೆಯಿಂದ ಕುಡಿದುಬಿಡುತ್ತದೆ, ಆ ಲೆಕ್ಕ ನಂಬುವಂತಿಲ್ಲ. ಮಾರನೇ ಬೆಳಿಗ್ಗೆ ಮತ್ತೆ ನೀರು ಹೊಯ್ದು, ಶಾಲೆಯ ಸ್ಕೇಲನ್ನು ಕೋಲಿಗೆ ಕಟ್ಟಿ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತು ಎಂದು ಬರೆಯುವ ಕೆಲಸ ಮೊಮ್ಮಗಳದು.

ಅವಳು ಗುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬರೆಯುತ್ತಿದ್ದಾಗ ಗೋಡೆಯಾಚೆಯಿಂದ ಒಂದು ದನಿ ಬಂತು.

“ಎಷ್ಟು ಇಳೀತು?”

ಮೇಷ್ಟ್ರು! ನನ್ನನ್ನು ನೋಡಲಿಲ್ಲ, ಮಗುವನ್ನಷ್ಟೇ ಕೇಳಿದರು. “ಅರ್ಧ ಗಂಟೆಗೆ ಒಂದು ಅಂಗುಲ, ತಾತ” ಅಂದಳು. “ಇನ್ನೂ ಎರಡು ಸಲ ನೋಡು. ಮೂರೂ ಸಲ ಒಂದೇ ಬಂದರೆ ನಂಬು” ಅಂದು ಒಳಗೆ ಹೋದರು. ಮೂರೂ ಸಲ ಹೆಚ್ಚು ಕಡಿಮೆ ಅಷ್ಟೇ ಬಂತು. ಗಂಟೆಗೆ ಎರಡು ಅಂಗುಲ ಇಳಿಯುವ ಮಣ್ಣು ಇಂಗುಗುಂಡಿಗೆ ಒಳ್ಳೆಯ ಮಣ್ಣು.

ಎಲ್ಲ ಊರಿನ ಮಣ್ಣೂ ಹೀಗೆ ಒಪ್ಪುವುದಿಲ್ಲ. ಧಾರವಾಡ, ವಿಜಯಪುರ, ರಾಯಚೂರು ಕಡೆಯ ಎರೆಮಣ್ಣಿನ ಕಣ ಬಹಳ ಸಣ್ಣದು. ನೆನೆದರೆ ಉಬ್ಬಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಗಂಟೆಗೆ ಅರ್ಧ ಅಂಗುಲವೂ ಇಳಿಯದಿದ್ದರೆ ಅಲ್ಲಿ ಗುಂಡಿ ಬೇಡ. ಇಳಿಜಾರಿಗೆ ಅಡ್ಡಲಾಗಿ ಆಳವಿಲ್ಲದ ಕಾಲುವೆ ಮಾಡಿ ಗಿಡಗಳಿಗೆ ಹರಡುವುದೇ ಮೇಲು. ಕರಾವಳಿಯ ಜಂಬಿಟ್ಟಿಗೆ ಮಣ್ಣು ಬೇಗ ಕುಡಿಯುತ್ತದೆ, ಆದರೆ ಆಟಿ ತಿಂಗಳಲ್ಲಿ ಅಲ್ಲಿ ಬಾವಿಯ ನೀರೇ ಮೇಲಕ್ಕೆ ಬಂದಿರುತ್ತದೆ. ತೋಡುವಾಗ ತಳದಲ್ಲೇ ನೀರು ಕಂಡರೆ ನಿಮ್ಮ ಗುಂಡಿ ಆಗಲೇ ತುಂಬಿದೆ ಎಂದರ್ಥ. ಎಲ್ಲ ಕಡೆಯೂ ಬಾವಿ, ಬೋರ್‌ವೆಲ್‌ಗಳಿಂದ ಐವತ್ತಡಿ ದೂರ ಇರಲಿ. ಇದು ಬರೀ ಮಳೆ ನೀರಿನ ಗುಂಡಿ. ಕಕ್ಕಸಿನ ನೀರನ್ನು ಇದಕ್ಕೆ ಎಂದೂ ಬಿಡಬಾರದು. ಪಾತ್ರೆ ತೊಳೆದ ಜಿಡ್ಡಿನ ನೀರೂ ಬೇಡ, ಜಿಡ್ಡು ಕಲ್ಲಿನ ಸಂದನ್ನು ಮುಚ್ಚಿಬಿಡುತ್ತದೆ.

ತೋಡುವುದು, ತುಂಬುವುದು

ಈ ಸಲ ಒಬ್ಬ ಅನುಭವಸ್ಥ ಮೇಸ್ತ್ರಿ, ಜೊತೆಗೆ ಇಬ್ಬರು ಆಳು. ಹಾರೆ, ಗುದ್ದಲಿ, ಬಾಂಡಲಿ ಹಿಡಿದು ಶುರು ಮಾಡಿದರು. ಮೂರಡಿ ಕೆಂಪು ಮಣ್ಣು, ಅದರ ಕೆಳಗೆ ಗರಸು. ಮೇಸ್ತ್ರಿ ಗರಸನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿ “ಇದು ಸಿಕ್ಕಿದ್ದು ನಿಮ್ಮ ಅದೃಷ್ಟ ಸಾರ್, ಚೆನ್ನಾಗಿ ಎಳೆಯುತ್ತೆ” ಎಂದರು. ತಳದಲ್ಲಿ ಇನ್ನೊಮ್ಮೆ ನೀರು ಹೊಯ್ದು ಅಳೆದೆವು. ಅಲ್ಲಿ ಗಂಟೆಗೆ ಮೂರು ಅಂಗುಲ ಇಳಿಯಿತು.

ಮಕ್ಕಳೇ, ಇಲ್ಲಿ ಒಂದು ಎಚ್ಚರಿಕೆ. ಒಂದಡಿಯ ಪರೀಕ್ಷೆ ಗುಣಿ ನಿಮ್ಮದು, ಅದನ್ನು ನೀವೇ ತೋಡಿ. ಐದಡಿಯ ಗುಂಡಿ ದೊಡ್ಡವರ ಕೆಲಸ. ಮಣ್ಣಿನ ಬದಿ ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಒಬ್ಬರು ಇಳಿದಾಗ ಇನ್ನೊಬ್ಬರು ಮೇಲೆ ನಿಂತಿರಬೇಕು, ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು. ರಾತ್ರಿ ತೆರೆದು ಬಿಡುವಂತಿಲ್ಲ. ನಾವು ಹಲಗೆ ಮುಚ್ಚಿ, ಸುತ್ತ ಹಗ್ಗ ಕಟ್ಟಿದ್ದೆವು.

ಮೊದಲ ಗುಂಡಿ ಕೆಸರಾದದ್ದು ಯಾಕೆ? ಸುತ್ತಲಿನ ಮಣ್ಣು ಸಂದಿಗೆ ಇಳಿದದ್ದಕ್ಕೆ. ಅದಕ್ಕೇ ಈ ಸಲ ಗುಂಡಿಯ ಬದಿಗಳಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿದೆವು. ಕಂಬಳಿಯ ಹಾಗಿರುವ ಈ ಬಟ್ಟೆ ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ಹಿಂದಿನವರು ತೆಂಗಿನ ನಾರು, ಗರಿ ಹಾಕುತ್ತಿದ್ದರು. ಅದೂ ಕೆಲಸ ಮಾಡುತ್ತದೆ, ಆದರೆ ಕೆಲವು ವರ್ಷಕ್ಕೆ ಕೊಳೆಯುತ್ತದೆ.

ತಳದಿಂದ ಎರಡಡಿ ತೆಂಗಿನಕಾಯಿ ಗಾತ್ರದ ಕಲ್ಲು. ಅದರ ಮೇಲೆ ಒಂದಡಿ ಮುಷ್ಟಿ ಗಾತ್ರದ ಕಲ್ಲು. ಅದರ ಮೇಲೆ ಒಂದಡಿ ದಪ್ಪ ಜಲ್ಲಿ. ಜಲ್ಲಿಯನ್ನು ತೊಳೆದು ಹಾಕಬೇಕು. ಲಾರಿಯಿಂದ ಬಂದ ಜಲ್ಲಿಯಲ್ಲಿ ಕಲ್ಲಿನ ಪುಡಿ ಬೇಕಾದಷ್ಟಿರುತ್ತದೆ, ತೊಳೆಯದೆ ಹಾಕಿದರೆ ಆ ಪುಡಿಯೆಲ್ಲ ಮೊದಲ ಮಳೆಗೇ ತಳ ಸೇರಿ ಗಾರೆಯ ಹಾಗೆ ಕೂರುತ್ತದೆ. ತೊಳೆದ ನೀರು ಬೂದಿ ಕಲಸಿದ ಹಾಗಿತ್ತು.

ಡ್ರಮ್ಮಿನಿಂದ ಹೊರಟ ನಾಲ್ಕಂಗುಲದ ಪೈಪು ನೇರ ಗುಂಡಿಗೆ ಹೋಗುವುದಿಲ್ಲ. ನಡುವೆ ಒಂದೂವರೆ ಅಡಿ ಚೌಕದ ಇಟ್ಟಿಗೆ ತೊಟ್ಟಿ. ಅದರ ತಳ ಪೈಪಿಗಿಂತ ಮುಕ್ಕಾಲು ಅಡಿ ಕೆಳಗಿದೆ. ಎಲೆ, ದೂಳು, ಹಕ್ಕಿ ಪುಕ್ಕ ಎಲ್ಲ ಅಲ್ಲೇ ತಂಗುತ್ತವೆ. ತಿಳಿಯಾದ ನೀರು ಮಾತ್ರ ಮುಂದೆ ಹೋಗುತ್ತದೆ. ಪೈಪಿಗೆ ಎಂಟಡಿಗೆ ಒಂದು ಅಂಗುಲದಷ್ಟು ಇಳಿಜಾರು ಸಾಕು. ತೊಟ್ಟಿಯ ಮೇಲೆ ಎತ್ತಿ ತೆಗೆಯಬಹುದಾದ ಬಿಗಿ ಮುಚ್ಚಳ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಟ್ಟಿಯ ಕಸ ತೆಗೆಯಬೇಕು. ಇಡೀ ಗುಂಡಿಯ ಆಯುಸ್ಸು ಈ ತೊಟ್ಟಿಯ ಮೇಲೆ ನಿಂತಿದೆ. ಗುಂಡಿ ಒಮ್ಮೆ ಕಟ್ಟಿಕೊಂಡರೆ ಎಲ್ಲ ಕಲ್ಲನ್ನೂ ಹೊರತೆಗೆದು ತೊಳೆಯಬೇಕಾಗುತ್ತದೆ.

ಜಲ್ಲಿಯ ಮೇಲೆ ಬಟ್ಟೆ ಮಡಚಿ ಹೊದಿಸಿ, ಒಂದಡಿ ಮಣ್ಣು, ಮೇಲೆ ಗರಿಕೆ. ಮೇಸ್ತ್ರಿಯ ಉಪಾಯದಂತೆ, ತೂತು ಕೊರೆದ ಒಂದು ಪೈಪನ್ನು ಗುಂಡಿಯ ತಳದವರೆಗೆ ನೆಟ್ಟಗೆ ನಿಲ್ಲಿಸಿ ಮೇಲೆ ಮುಚ್ಚಳ ಹಾಕಿದೆವು. ಅದರೊಳಗೆ ಕೋಲು ಇಳಿಸಿದರೆ ನೀರು ಎಷ್ಟಿದೆ ಎಂದು ತಿಳಿಯುತ್ತದೆ. ಗುಂಡಿಯ ಪಾಸ್‌ಬುಕ್ ಅದು.

ಒಂದು ವೇಳೆ ಗುಂಡಿಯೂ ತುಂಬಿದರೆ? ತೊಟ್ಟಿಯಿಂದ ಇನ್ನೊಂದು ಪೈಪು, ಸ್ವಲ್ಪ ಎತ್ತರದಲ್ಲಿ, ಬಾಳೆಯ ಗುಂಪಿನ ಕಡೆಗೆ. ತೆಗೆದ ಮಣ್ಣಿನಲ್ಲಿ ಮೇಷ್ಟ್ರ ಗೋಡೆಯ ಉದ್ದಕ್ಕೂ ನಮ್ಮ ಕಡೆ, ಗೋಡೆಗೆ ತಾಗದಂತೆ, ಮುಕ್ಕಾಲು ಅಡಿಯ ಬದು ಹಾಕಿಸಿದೆ. ನೀರು ಆ ಕಡೆ ತಿರುಗಿಯೂ ನೋಡಬಾರದು. ಹಳೇ ಗುಂಡಿಯನ್ನು ಅಗೆದು ಇಟ್ಟಿಗೆ ತೆಗೆಸಿ, ಮಣ್ಣು ತುಂಬಿ ದಿಮ್ಮಿಸಿ ಗಟ್ಟಿ ಮಾಡಿಸಿದೆ.

ಎಲ್ಲ ಸೇರಿ ನಾಲ್ಕು ದಿನ ಹಿಡಿಯಿತು. ಹಿತ್ತಲಿಗೆ ಸಿಮೆಂಟು ಹಾಕಿಸಲು ಆದ ಖರ್ಚಿಗಿಂತ ಕಡಿಮೆಯೇ ಆಯಿತು.

ಮೊದಲ ಜಮಾ

ಆಮೇಲೆ ಮಳೆಯೇ ಇಲ್ಲ! ಚಳಿಗಾಲ ಕಳೆದು, ಬೇಸಿಗೆ ಬಂದು, ಮೊಮ್ಮಗಳು ದೊಡ್ಡ ರಜೆಗೆ ಬಂದ ಮೇಲೆ ಮೇ ತಿಂಗಳ ಮೊದಲ ವಾರ ಒಂದು ಸಂಜೆ ಗುಡುಗಿತು. ಮುಕ್ಕಾಲು ಗಂಟೆ ಬಿಡದೆ ಸುರಿಯಿತು. ನಿಂತ ತಕ್ಷಣ ಇಬ್ಬರೂ ಟಾರ್ಚು ಹಿಡಿದು ಹಿತ್ತಲಿಗೆ ಓಡಿದೆವು. ಮೂಲೆಯಲ್ಲಿ ನೀರಿಲ್ಲ. ಗೋಡೆಯ ಬುಡ ಬರೀ ಒದ್ದೆ. ಪೈಪಿನಲ್ಲಿ ಕೋಲು ಇಳಿಸಿದಳು. ಎರಡೂವರೆ ಅಡಿ ನೀರು. ಮಾರನೇ ಬೆಳಿಗ್ಗೆ ಕಾಫಿಗೂ ಮೊದಲೇ ಹೋಗಿ ನೋಡಿದಳು. ಕೋಲಿನ ತುದಿಗಷ್ಟೇ ಕೆಸರು ಅಂಟಿತ್ತು. ಒಂದೇ ರಾತ್ರಿಯಲ್ಲಿ ಎಲ್ಲವೂ ನೆಲದೊಳಗೆ.

ಅದೇ ಬೆಳಿಗ್ಗೆ ಕಾಲೆಳೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಮನೆಯವರು. ಕೈ ವಾಸಿಯಾಗಿತ್ತು, ಆದರೂ ಬಿಂದಿಗೆ ಎತ್ತುವಾಗ ನೋಯುತ್ತದೆಂದು ಆಮೇಲೆ ತಿಳಿಯಿತು. ಏಳು ತಿಂಗಳು ನಾನು ಮನಸ್ಸಿನಲ್ಲೇ ಬರೆದು ಹೊಡೆದು ಹಾಕಿದ್ದ ಮಾತೆಲ್ಲ ಮರೆತುಹೋಯಿತು. “ಅಮ್ಮಾ, ಆವತ್ತು ನೀವು ಬಿದ್ದದ್ದು ನಮ್ಮ ನೀರಿನಲ್ಲಿ. ಮೇಷ್ಟ್ರು ಹೇಳಿದಾಗಲೇ ನಾನು ಕೇಳಬೇಕಿತ್ತು. ತಪ್ಪಾಯಿತು” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ತಿರುಗಿ “ರೀ, ರಾಯರು ಬಂದಿದ್ದಾರೆ” ಅಂದರು. ಮೇಷ್ಟ್ರು ಹೊರಗೆ ಬಂದು, ಕುಳಿತುಕೊಳ್ಳಿ ಅನ್ನುವುದಕ್ಕೂ ಮೊದಲು ಕೇಳಿದರು: “ರಾತ್ರಿ ಎಷ್ಟಿತ್ತು? ಬೆಳಿಗ್ಗೆ ಎಷ್ಟು?” ಹೇಳಿದೆ. “ಚೆನ್ನಾಗಿ ಇಂಗಿದೆ” ಅಂದರು. ಕ್ಷಮಿಸಿದೆ ಅಂತ ಅವರು ಇವತ್ತಿಗೂ ಹೇಳಿಲ್ಲ. ಆದರೆ ಮುಂದಿನ ವಾರದಿಂದ ವಾಕಿಂಗಿಗೆ ನಮ್ಮ ರಸ್ತೆಯಲ್ಲೇ ಬರತೊಡಗಿದರು.

ಆ ವರ್ಷ ಮಳೆಗಾಲದಲ್ಲಿ ಗುಂಡಿ ಒಂದೇ ಒಂದು ಸಲ ತುಂಬಿ ಹೆಚ್ಚಾಯಿತು. ಎರಡು ದಿನ ಹಿಡಿದ ಮಳೆ, ನೆಲವೇ ನೆನೆದು ಸಾಕಾಗಿತ್ತು. ಹೆಚ್ಚಾದ ನೀರು ಬಾಳೆಯ ಬುಡಕ್ಕೆ ಹೋಯಿತು. ದೀಪಾವಳಿಯ ಹೊತ್ತಿಗೆ ಆ ಬಾಳೆಯಲ್ಲಿ ಗೊನೆ ಮಾಗಿತು. ನಮ್ಮಾಕೆ ಅಟ್ಟದ ಮೇಲಿದ್ದ ಸ್ಟೀಲ್ ಡಬ್ಬಿ ಇಳಿಸಿ ತೊಳೆದಳು. ಬೇರೆಯವರ ಮನೆಯ ಡಬ್ಬಿಯನ್ನು ಖಾಲಿ ಕಳಿಸಬಾರದಲ್ಲ! ಅದರಲ್ಲಿ ಬಾಳೆಹಣ್ಣಿನ ರಸಾಯನ ತುಂಬಿ ಮೊಮ್ಮಗಳ ಕೈಯಲ್ಲಿ ಕಳಿಸಿದಳು. ಸಂಜೆಯೊಳಗೆ ಡಬ್ಬಿ ವಾಪಸ್ಸು ಬಂತು, ಚಟ್ನಿಪುಡಿಯ ಸಮೇತ.

ಈ ವಾರದ ಲೆಕ್ಕ

ಮಕ್ಕಳೇ, ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಮೂರು ಕೆಲಸ ಮಾಡಿ. ಒಂದು, ನಿಮ್ಮ ಮನೆಯ ಮಾಡು ಅಥವಾ ತಾರಸಿಯ ಅಳತೆ ತೆಗೆದು, 25 ಮಿ.ಮೀ. ಮಳೆಗೆ ಎಷ್ಟು ಲೀಟರ್ ಬೀಳುತ್ತದೆ ಲೆಕ್ಕ ಹಾಕಿ. 10.76 ಚದರಡಿಗೆ ಒಂದು ಚದರ ಮೀಟರ್. ಎರಡು, ಒಂದಡಿ ಗುಣಿ ತೋಡಿ, ರಾತ್ರಿ ನೆನೆಸಿ, ಬೆಳಿಗ್ಗೆ ಅಳೆದು ನೋಡಿ. ಕೆಲಸ ಮುಗಿದ ಮೇಲೆ ಗುಣಿ ಮುಚ್ಚುವುದನ್ನು ಮರೆಯಬೇಡಿ. ಮೂರು, ಮಳೆ ಬಂದಾಗ ಛತ್ರಿ ಹಿಡಿದು ಹೊರಗೆ ನಿಂತು, ನಿಮ್ಮ ಮನೆಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ನೋಡಿ. ಪಕ್ಕದವರ ಗೋಡೆಯ ಕಡೆ ಹೋಗುತ್ತಿದ್ದರೆ ಅವರು ಬಂದು ಹೇಳುವ ತನಕ ಕಾಯಬೇಡಿ.

ಅಜ್ಜ ಅಜ್ಜಿಯರೇ, ನಿಮಗೆ ಒಂದೇ ಮಾತು. ನೆರೆಯವರು ಮೆಲ್ಲಗೆ ಹೇಳಿದ ದಿನವೇ ಲೆಕ್ಕ ತಿದ್ದಿಬಿಡಿ. ನಾನು ತಡ ಮಾಡಿದೆ. ಆ ತಡಕ್ಕೆ ಬಡ್ಡಿ ಕಟ್ಟಿದ್ದು ಇನ್ನೊಬ್ಬರ ಮಣಿಕಟ್ಟು.